ಮಳೆಗೆ ಕರಗದ ಮಣ್ಣಿನ ಗೋಡೆ

ಉತ್ತರ ಕರ್ನಾಟಕದಲ್ಲಿ ಜಡಿಮಳೆ ನಾಲ್ಕು ದಿನ ಹಿಡಿದರೆ ಹಳೆಯ ಮಾಳಿಗೆ ಮನೆಯವರಿಗೆ ನಿದ್ದೆ ಹತ್ತುವುದಿಲ್ಲ. ತೊಲೆ, ಜಂತೆಗಳ ಮೇಲೆ ದಪ್ಪಗೆ ಮಣ್ಣು ಹೇರಿದ ಚಾವಣಿ ಅದು. ಬೇಸಿಗೆಯಲ್ಲಿ ತಂಪು, ನೀರು ಕುಡಿದರೆ ಹೊರಲಾರದ ಭಾರ. ಬುಡ ನೆಂದ ಗೋಡೆ ಕೂತುಬಿಡುತ್ತದೆ, ಎಷ್ಟೋ ಸಲ ಮನೆಮಂದಿ ಮಲಗಿರುವಾಗಲೇ. 2009ರಲ್ಲಿ, ಮತ್ತೆ 2019ರಲ್ಲಿ ಹೊಳೆದಂಡೆಯ ಊರುಗಳು ಇದನ್ನು ಕಣ್ಣಾರೆ ಕಂಡಿವೆ. ನೆರೆ ಬಾರದ ವರ್ಷವೂ ಗೋಡೆ ಬಿದ್ದ ಸುದ್ದಿ ತಪ್ಪುವುದಿಲ್ಲ. ಬೆಳೆ ಕೈಕೊಟ್ಟಾಗ ಬೀಜ, ಗೊಬ್ಬರ, ಸಾಲದ ಬಡ್ಡಿ ಎಲ್ಲಕ್ಕೂ ಹೇಗೋ ದುಡ್ಡು ಹೊಂದಿಸುವ ರೈತ ಮುಂದಿನ ವರ್ಷಕ್ಕೆ ತಳ್ಳುವುದು ಮನೆ ರಿಪೇರಿಯನ್ನೇ.

ಹೀಗಾಗಿ 'ಮಣ್ಣಿನ ಮನೆ' ಎಂದರೆ ಅಪಾಯ, ಬಡತನ ಎಂಬ ಮಾತು ಊರೂರಲ್ಲಿ ನಿಂತುಹೋಗಿದೆ. ಕೆಡವಿದ್ದು ಮಣ್ಣಲ್ಲ, ನೀರು. ಆ ನೀರಿಗೆ ಜಗ್ಗದ ಮಣ್ಣಿನ ಗೋಡೆ ಕಟ್ಟುವ ವಿದ್ಯೆ ನಮ್ಮ ರಾಜ್ಯದಲ್ಲೇ ಬೆಳೆದಿದೆ.

1974ರಲ್ಲಿ ಅಮೂಲ್ಯ ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 'ಅಸ್ತ್ರ' ಕೇಂದ್ರ ಆರಂಭಿಸಿದರು. ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆ ಬಹಳ ಮಂದಿಗೆ ಗೊತ್ತು. ಅದೇ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಮಣ್ಣಿನ ಇಟ್ಟಿಗೆಯ ಹಿಂದೆ ಬಿದ್ದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮ ಅಸ್ತ್ರದ ಪ್ರಯೋಗಗಳ ಕಣವಾಯಿತು. ಕೈಯಿಂದಲೇ ಸನ್ನೆ ಎಳೆದು ಒತ್ತುವ ಯಂತ್ರ ರೂಪುಗೊಂಡಿತು. 'ಮರ್ದಿನಿ' ಎಂಬ ಯಂತ್ರ ಆ ಸಾಲಿನದು. ಅದಕ್ಕೆ ಕರೆಂಟು ಬೇಡ, ಇಟ್ಟಿಗೆ ಸುಡಲು ಸೌದೆಯೂ ಬೇಡ.

ಕೆಲಸ ಶುರುವಾಗುವುದು ಮಣ್ಣು ಜರಡಿ ಹಿಡಿಯುವುದರಿಂದ. ಮರಳಿನಂಶ ಹೆಚ್ಚಿರುವ ಕೆಮ್ಮಣ್ಣು ಉತ್ತಮ. ಜಿಗುಟು ಜಾಸ್ತಿಯಾದರೆ ಮರಳು ಬೆರೆಸಬೇಕು. ಅದಕ್ಕೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಸೇರಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟೇ ನೀರು ಚಿಮುಕಿಸಿ ಒತ್ತುತ್ತಾರೆ. ಹೊರಬಂದ ಇಟ್ಟಿಗೆಯನ್ನು ಹುಲ್ಲು ಮುಚ್ಚಿ ಮೂರು ವಾರ ಒದ್ದೆಯಾಗಿಡಬೇಕು. ನನ್ನ ಮಟ್ಟಿಗೆ ಇಡೀ ಕಸುಬಿನ ಜೀವ ಇರುವುದು ಈ ಮೂರು ವಾರದಲ್ಲಿ. ಅವಸರಕ್ಕೆ ಬಿದ್ದು ಎರಡೇ ದಿನ ನೀರು ಹಾಕಿದ ಇಟ್ಟಿಗೆ ಮಳೆಗಾಲದಲ್ಲಿ ತನ್ನ ಬಣ್ಣ ತೋರಿಸುತ್ತದೆ. ಸರಿಯಾಗಿ ಹದಗೊಂಡ ಇಟ್ಟಿಗೆಯನ್ನು ಎರಡು ದಿನ ನೀರಲ್ಲಿ ಮುಳುಗಿಸಿಟ್ಟರೂ ಕರಗುವುದಿಲ್ಲ.

ಎರೆ ಭೂಮಿಯವರಿಗೆ ಒಂದು ಎಚ್ಚರಿಕೆ. ಕಪ್ಪು ಮಣ್ಣು ನೆಂದಾಗ ಹಿಗ್ಗುತ್ತದೆ, ಒಣಗಿದಾಗ ಬಿರಿಯುತ್ತದೆ. ಬರಿಯ ಸಿಮೆಂಟ್ ಅದಕ್ಕೆ ಸಾಲದು. ಮರಳಿನ ಜತೆ ಸುಣ್ಣವೂ ಬೇಕು. ಅಂಥ ನೆಲದಲ್ಲಿ ಪಾಯವನ್ನೂ ತಿಳಿದವರನ್ನು ಕೇಳಿಯೇ ಹಾಕಬೇಕು, ಇಲ್ಲದಿದ್ದರೆ ಎಂಥ ಗೋಡೆಯೂ ಸೀಳುತ್ತದೆ.

ಎಷ್ಟೇ ಒಳ್ಳೆಯ ಇಟ್ಟಿಗೆಯಾದರೂ ಅದೊಂದರಿಂದಲೇ ಮನೆ ಭದ್ರವಾಗದು. ಅಂಗಳದ ನೀರು ತಾಕದಷ್ಟು ಎತ್ತರಕ್ಕೆ ಕಲ್ಲಿನ ಪಾಯ ಏಳಬೇಕು. ಸೂರು ಗೋಡೆಯಿಂದ ಮುಂದಕ್ಕೆ ಚಾಚಿ ಹನಿಯನ್ನು ದೂರ ಬೀಳಿಸಬೇಕು. ಬಾಗಿಲು, ಕಿಟಕಿಗಳ ಮೇಲೆ ನಾಲ್ಕೂ ಗೋಡೆಗಳನ್ನು ಬಿಗಿದು ಹಿಡಿಯುವ ಕಾಂಕ್ರೀಟ್ ಪಟ್ಟಿ ಬೇಕು. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗದಂತೆ ನೋಡಿಕೊಳ್ಳಬೇಕು.

2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಬಯಲುಸೀಮೆಯ ಮನೆಗೆ ನಿಗದಿ ಮಾಡಿದ ನೆರವು 1.2 ಲಕ್ಷ ರೂಪಾಯಿ; ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಆ ದುಡ್ಡು ಬರುವುದು ಕಂತಿನಲ್ಲಿ. ಲಿಂಟಲ್ ಮಟ್ಟಕ್ಕೆ ನಿಂತು ಪಾಚಿಗಟ್ಟಿದ ಗೋಡೆಗಳನ್ನು ಹಳ್ಳಿಗಳಲ್ಲಿ ಕಂಡಾಗ ಹೊಟ್ಟೆ ಉರಿಯುತ್ತದೆ. ದೂರದಿಂದ ತರಿಸುವ ಇಟ್ಟಿಗೆ, ಅದರ ಲಾರಿ ಬಾಡಿಗೆ ಉಳಿದರೆ ಅಷ್ಟೂ ಹಣ ಚಾವಣಿಗೆ ಸಿಗುತ್ತದೆ. ಯಂತ್ರದ ಸನ್ನೆ ಎಳೆದ ಕೂಲಿಯೂ ಊರಲ್ಲೇ ಉಳಿಯುತ್ತದೆ.

ಹಳೆ ಮನೆ ಕೆಡವಲು ಹೊರಟವರಲ್ಲಿ ಒಂದು ವಿನಂತಿ. ಆ ಗೋಡೆಯ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬುವ ಮೊದಲು ಒಂದು ಗಾಜಿನ ಸೀಸೆಯಲ್ಲಿ ಮೂರನೇ ಒಂದು ಭಾಗ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಅದರ ಮೇಲೆ ನುಣುಪು ಮಣ್ಣು, ಎಲ್ಲಕ್ಕಿಂತ ಮೇಲೆ ಜೇಡಿ ಪದರ ಪದರವಾಗಿ ಕೂರುತ್ತದೆ. ಮರಳಿನ ಪದರ ಅರ್ಧಕ್ಕಿಂತ ದಪ್ಪವಿದ್ದರೆ ಆ ಮಣ್ಣನ್ನು ಹೊರಗೆ ಸಾಗಿಸಬೇಡಿ.