ತಲೆಗೆ ಬಿಸಿನೀರು ಸುರಿದರೆ ಫಿಟ್ಸ್ ಬರುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

‘ಸ್ನಾನ ಮಾಡುವಾಗ ಮೊದಲು ತಲೆಗೆ ನೀರು ಹಾಕಬೇಡಿ, ಸ್ಟ್ರೋಕ್ ಆಗುತ್ತದೆ’ ಎಂಬ ಸಂದೇಶ ವಾಟ್ಸಾಪ್‌ ಗ್ರೂಪ್‌ಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆದರೆ ಬಿಸಿನೀರಿಗೂ ಮೆದುಳಿಗೂ ಇರುವ ಇನ್ನೊಂದು ನಂಟು ನಿಜ, ಅದೂ ನಮ್ಮ ಕರ್ನಾಟಕದಲ್ಲೇ ಹೆಚ್ಚಾಗಿ ಕಂಡುಬಂದದ್ದು. ಅದರ ಹೆಸರು ಬಿಸಿನೀರಿನ ಮೂರ್ಛೆ.

ಏನಿದು ಬಿಸಿನೀರಿನ ಮೂರ್ಛೆ?

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲಿ ತಲೆಸ್ನಾನ ಎಂದರೆ ಹೇಗೆಂದು ನಿಮಗೆ ಗೊತ್ತು. ತೆಂಗಿನ ಗರಿ, ಮಟ್ಟೆ ಉರಿಸಿ ಹಂಡೆಯಲ್ಲಿ ನೀರು ಕಾಯಿಸುತ್ತಾರೆ. ಬಿಸಿಬಿಸಿ ನೀರನ್ನು ಚೊಂಬಿನಲ್ಲಿ ಒಂದರ ಹಿಂದೊಂದು ತಲೆಗೆ ಸುರಿಯುತ್ತಾರೆ. ಬಹುತೇಕರಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಕೆಲವರಿಗೆ ಆಗಲೇ ಫಿಟ್ಸ್ ಬರುತ್ತದೆ. ದೃಷ್ಟಿ ಒಂದೇ ಕಡೆ ನೆಟ್ಟು ಮಂಕಾಗುತ್ತಾರೆ, ಅರ್ಥವಿಲ್ಲದೆ ಏನೋ ಗೊಣಗುತ್ತಾರೆ. ಇನ್ನು ಕೆಲವರು ಕೈಕಾಲು ಸೆಟೆದು ಬೀಳುತ್ತಾರೆ. ಕೆಲವರಿಗಂತೂ ಆ ಹೊತ್ತಿನಲ್ಲಿ ಬಿಸಿನೀರು ಹಿತವೆನಿಸಿ, ನಿಲ್ಲಿಸದೆ ಸುರಿದುಕೊಳ್ಳುತ್ತಲೇ ಇರುತ್ತಾರೆ. ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ ಇದು ಹೆಚ್ಚು.

ಪತ್ತೆ ಹಚ್ಚಿದ್ದು ಯಾರು?

1945ರಲ್ಲಿ ನ್ಯೂಜಿಲೆಂಡ್‌ನಿಂದ ಇಂಥ ರೋಗಿಯ ವರದಿ ಬಂದಿತ್ತು. 1968ರಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಹೋದ್ಯೋಗಿಗಳು ನಮ್ಮಲ್ಲಿಯ ರೋಗಿಗಳ ಬಗ್ಗೆ ಬರೆದರು. ಈ ಕೆಲಸವನ್ನು ಬಹಳ ಮುಂದಕ್ಕೆ ಕೊಂಡೊಯ್ದವರು ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ. ಮುಂದೆ ಅವರು ಅದೇ ಸಂಸ್ಥೆಯ ನಿರ್ದೇಶಕರೂ ಆದರು.

1988ರಲ್ಲಿ ಅವರ ತಂಡ 279 ರೋಗಿಗಳ ವಿವರವನ್ನು ‘ಎಪಿಲೆಪ್ಸಿಯಾ’ ಎಂಬ ಅಂತರರಾಷ್ಟ್ರೀಯ ನಿಯತಕಾಲಿಕದಲ್ಲಿ ಪ್ರಕಟಿಸಿತು. ಎಲ್ಲೋ ಒಂದೊಂದು ಎಂದುಕೊಂಡಿದ್ದ ಕಾಯಿಲೆ ದಕ್ಷಿಣ ಭಾರತದಲ್ಲಿ ಅಪರೂಪವಲ್ಲ ಎಂದು ಜಗತ್ತಿಗೆ ಗೊತ್ತಾಯಿತು.

ಮುಂದಿನ ಪ್ರಶ್ನೆ, ಕಾರಣವೇನು? 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ತಂಡ ಇಲಿಗಳ ತಲೆಗೆ ಬಿಸಿನೀರು ಬಿಟ್ಟು, ಫಿಟ್ಸ್ ಹೇಗೆ ಬರುತ್ತದೆಂದು ಗಮನಿಸಿತು. ದೇಹದ ಶಾಖವನ್ನು ಹತೋಟಿಯಲ್ಲಿಡುವ ಮೆದುಳಿನ ವ್ಯವಸ್ಥೆ ಇಂಥವರಲ್ಲಿ ಸೂಕ್ಷ್ಮವಾಗಿರಬೇಕು, ತಲೆಗೆ ಏಕಾಏಕಿ ಬೀಳುವ ಶಾಖವನ್ನು ಅದು ತಡೆದುಕೊಳ್ಳಲಾರದು ಎಂಬುದು ಇಂದಿನ ತಿಳಿವಳಿಕೆ. ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಈ ಕಾಯಿಲೆ ಇತ್ತು. ಹಾಗಾಗಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಜೊತೆ ಸೇರಿ ವಂಶವಾಹಿಗಳ ಹುಡುಕಾಟವೂ ನಡೆಯಿತು. 10 ಮತ್ತು 4ನೇ ಕ್ರೋಮೋಸೋಮ್‌ಗಳ ಕೆಲವು ಭಾಗಗಳಿಗೆ ಇದರ ನಂಟಿದೆ ಎಂದು 2009ರಲ್ಲಿ ವರದಿಯಾಯಿತು.

ಅಂತರರಾಷ್ಟ್ರೀಯ ಅಪಸ್ಮಾರ ಸಂಘಟನೆಯ 2001ರ ಪಟ್ಟಿಯಲ್ಲಿ ಫಿಟ್ಸ್‌ಗೆ ಪ್ರಚೋದನೆ ನೀಡುವ ಸಂಗತಿಗಳ ಸಾಲಿನಲ್ಲಿ ಬಿಸಿನೀರಿನ ಹೆಸರೂ ಇದೆ. ನಮ್ಮ ಬಚ್ಚಲು ಮನೆಯ ಸಮಸ್ಯೆಗೆ ಸಿಕ್ಕ ಮನ್ನಣೆ ಇದು.

ನಮಗೇಕೆ ಮುಖ್ಯ?

ಡಾ. ಎಂ. ಗೌರಿದೇವಿ ನೇತೃತ್ವದಲ್ಲಿ ಬೆಂಗಳೂರು ನಗರ ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಯಿತು. ಸತೀಶ್ಚಂದ್ರ ಅವರೂ ಆ ತಂಡದಲ್ಲಿದ್ದರು. ಎಲ್ಲ ಬಗೆಯ ಮೂರ್ಛೆ ಸೇರಿ ನಗರದಲ್ಲಿ ಸಾವಿರಕ್ಕೆ 5.7 ಮಂದಿಗೆ ಕಾಯಿಲೆ ಇದ್ದರೆ, ಹಳ್ಳಿಗಳಲ್ಲಿ 11.9 ಮಂದಿಗೆ ಇತ್ತು. ಅಂದರೆ ದುಪ್ಪಟ್ಟು. ಹೀಗಿದ್ದೂ ಬಚ್ಚಲಲ್ಲಿ ಮಗು ಬಿದ್ದರೆ ‘ಗಾಳಿ ಸೋಕಿದೆ’ ಎಂದು ತಾಯಿತ ಕಟ್ಟಿಸುವವರು ಇನ್ನೂ ಇದ್ದಾರೆ. ಚಿಕಿತ್ಸೆ ತಡವಾಗುವುದು ಇಲ್ಲೇ. ಸ್ನಾನದ ಹೊತ್ತಿಗೆ ಮಾತ್ರ ಬರುತ್ತಿದ್ದ ಫಿಟ್ಸ್ ಕೆಲವರಿಗೆ ಮುಂದೆ ಬೇರೆ ಹೊತ್ತಿನಲ್ಲೂ ಬರತೊಡಗುತ್ತದೆ.

ಏನು ಮಾಡಬೇಕು?

• ನೀರಿನ ಬಿಸಿ ಕಡಿಮೆ ಮಾಡಿ. ಉಗುರುಬೆಚ್ಚಗಿನ ನೀರು ಸಾಕು.
• ಫಿಟ್ಸ್ ಬಂದಿದ್ದವರು ಬಾಗಿಲಿಗೆ ಚಿಲಕ ಹಾಕಿ ಸ್ನಾನ ಮಾಡಬಾರದು.
• ನರರೋಗ ತಜ್ಞರಿಗೆ ತೋರಿಸಿ. ಸ್ನಾನಕ್ಕೆ ಮುಂಚೆ ಮಾತ್ರ ತೆಗೆದುಕೊಳ್ಳುವ ಮಾತ್ರೆಯೇ ಹಲವರಿಗೆ ಸಾಕಾಗುತ್ತದೆ. ಯಾವ ಮಾತ್ರೆ, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.
• ಫಿಟ್ಸ್ ಬಂದಾಗ ಬಿಸಿನೀರು, ಒಲೆಯಿಂದ ದೂರ ಸರಿಸಿ, ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ನೀರು, ಚಮಚ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ.
• ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು ಉಪಯೋಗವಿಲ್ಲ. ಹೆಚ್ಚಿನ ಫಿಟ್ಸ್ ತಾನಾಗಿಯೇ ನಿಲ್ಲುತ್ತದೆ. ಅದಕ್ಕೇ ಬೀಗದ ಕೈಯಿಂದ ನಿಂತಿತು ಎನಿಸುತ್ತದೆ.
• 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ತೀರ್ಮಾನ: ತಲೆಗೆ ಮೊದಲು ನೀರು ಹಾಕಿದರೆ ಸ್ಟ್ರೋಕ್ ಆಗುತ್ತದೆ ಎಂಬುದು ಸುಳ್ಳು. ಬಹಳ ಬಿಸಿಯಾದ ನೀರು ಸುರಿದಾಗ ಕೆಲವರಿಗೆ ಮಾತ್ರ ಫಿಟ್ಸ್ ಬರಬಹುದು ಎಂಬುದು ನಿಜ. ಅದು ದೆವ್ವವಲ್ಲ, ಶಾಪವಲ್ಲ, ಚಿಕಿತ್ಸೆ ಇರುವ ಕಾಯಿಲೆ. ಮುಂದಿನ ಬಾರಿ ಸ್ಟ್ರೋಕ್ ಸಂದೇಶ ಬಂದರೆ, ಅದರ ಬದಲು ಇದನ್ನು ಕಳಿಸಿ.