ಎರಡೇ ದಿನದಲ್ಲಿ ತುರಿಕೆ ನಿಲ್ಲಿಸೋ ಆ ಟ್ಯೂಬ್

ತೊಡೆ ಸಂದಿಯಲ್ಲಿ, ಸೊಂಟದ ಸುತ್ತ,
ಬಳೆ ಹಾಗೆ ದುಂಡಗೆ ಕೆಂಪು.
ರಾತ್ರಿಯೆಲ್ಲಾ ತುರಿಕೆನಾ?

ಅದು ಹುಳುಕಡ್ಡಿ ಇರಬಹುದು.
ಕೆಲವು ಕಡೆ ಗಜಕರ್ಣ ಅಂತಾರೆ.
ಹೆಸರಲ್ಲಿ ಹುಳು ಇದೆ, ಆದ್ರೆ ಅದು ಫಂಗಸ್.

ಮೆಡಿಕಲ್ ಶಾಪಿಗೆ ಹೋಗ್ತೀರಿ.
"ತುರಿಕೆಗೆ ಏನಾದ್ರೂ ಕೊಡಿ" ಅಂತೀರಿ.
ಒಂದು ಟ್ಯೂಬ್ ಕೊಡ್ತಾರೆ.
ಎರಡೇ ದಿನಕ್ಕೆ ತುರಿಕೆ ಮಾಯ!
ಹಚ್ಚೋದು ಬಿಟ್ರೆ ಮತ್ತೆ ಬರುತ್ತೆ.
ಈ ಸಲ ಇನ್ನೂ ಅಗಲವಾಗಿ.

ಯಾಕೆ ಗೊತ್ತಾ?
ಎಷ್ಟೋ ಟ್ಯೂಬ್‌ಗಳಲ್ಲಿ
ಫಂಗಸ್ ಔಷಧಿ ಜೊತೆ ಸ್ಟೀರಾಯ್ಡ್ ಬೆರೆಸಿರ್ತಾರೆ.
ಕೆಂಪು, ತುರಿಕೆ...
ಇವು ನಿಮ್ಮ ಚರ್ಮ ಫಂಗಸ್ ಜೊತೆ ಹೋರಾಡ್ತಿರೋ ಗುರುತು.
ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತೆ.

ಮನೆಗೆ ಕಳ್ಳ ನುಗ್ಗಿದಾಗ
ಬೊಗಳೋ ನಾಯಿಯ ಬಾಯಿ ಕಟ್ಟಿದ ಹಾಗೆ.
ಸದ್ದು ನಿಂತಿತು.
ಕಳ್ಳ ಒಳಗೇ ಇದಾನೆ.

ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳುವಾಗುತ್ತೆ,
ಗೀರು ಬೀಳುತ್ತೆ.
ಆ ಗೀರು ಪೂರ್ತಿ ಹೋಗಲ್ಲ. ಇದೇ ನನಗೆ ಸಂಕಟ.

ಟ್ಯೂಬ್ ತಿರುಗಿಸಿ ಓದಿ.
ಕ್ಲೋಬೆಟಸಾಲ್, ಬೆಟಾಮೆಥಾಸೋನ್...
ಇವು ಸ್ಟೀರಾಯ್ಡ್.
ಇಂಥ 14 ಸ್ಟೀರಾಯ್ಡ್‌ಗಳ ಮುಲಾಮನ್ನ
ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ
2018ರಲ್ಲೇ ಕೇಂದ್ರ ಸರ್ಕಾರ ನಿಯಮ ತಂದಿದೆ.

ಚರ್ಮದ ಡಾಕ್ಟರಿಗೆ ತೋರಿಸಿ.
ಅವರು ಕೊಟ್ಟ ಫಂಗಸ್ ಮುಲಾಮನ್ನ
ಕಲೆಯ ಅಂಚು ದಾಟಿ, ಒಂದೆರಡು ಬೆರಳಗಲ ಆಚೆಗೂ ಹಚ್ಚಿ.
ಕಲೆ ಮಾಸ್ತು ಅಂತ ನಿಲ್ಲಿಸಬೇಡಿ,
ಅವರು ಹೇಳಿದಷ್ಟು ದಿನ ಹಚ್ಚಿ.

ಟವೆಲ್ ಬೇರೆ ಇಡಿ.
ಒಳಉಡುಪು ಬಿಸಿಲಲ್ಲಿ ಒಣಗಿಸಿ.
ಮನೇಲಿ ಇನ್ಯಾರಿಗಾದ್ರೂ ತುರಿಕೆ ಇದ್ರೆ,
ಅವರನ್ನೂ ಜೊತೆಗೇ ಕರ್ಕೊಂಡು ಹೋಗಿ.