ಕವಳ ಕೂರುವ ಜಾಗ

ಮನೆಮಂದಿಯೆಲ್ಲ ಸುಮ್ಮನೆ ಉಣ್ಣುವ ಸಾರು ಒಬ್ಬರಿಗೆ ಮಾತ್ರ ವಿಪರೀತ ಖಾರ. ಅವರಿಗೆ ಕವಳದ, ಅಂದರೆ ಎಲೆಅಡಿಕೆಯ, ಚಟವಿದ್ದರೆ ನನಗೆ ಅನುಮಾನ ಬರುವುದು ಅಡುಗೆಯ ಮೇಲಲ್ಲ, ಅವರ ಕೆನ್ನೆಯ ಒಳಮೈ ಮೇಲೆ.

ಬಾಯಿಯ ಒಳಪೊರೆ ಸುಮಾರು ಎರಡು ವಾರಕ್ಕೆ ಹೊಸದಾಗುತ್ತದೆ. ಮೇಲಿನ ಕೋಶಗಳು ಉದುರುತ್ತವೆ, ಅಡಿಯವು ಒಡೆದು ಇಬ್ಭಾಗವಾಗಿ ಮೇಲೇರುತ್ತವೆ. ಬಿಸಿ ಕಾಫಿಗೆ ಸುಟ್ಟ ನಾಲಿಗೆ ಬೇಗ ಮಾಯುವ ಗುಟ್ಟು ಇದು. ಪ್ರತಿ ಸಲವೂ ಡಿಎನ್‌ಎ ನಕಲಾಗಬೇಕು. ಗಾಯ ಹೆಚ್ಚಿದಷ್ಟೂ ನಕಲು ಹೆಚ್ಚು, ತಪ್ಪೂ ಹೆಚ್ಚು.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಪೊರೆಯ ಅಡಿಯ ಕೋಶಗಳಿಂದ ಅತಿಯಾಗಿ ಕೊಲಾಜೆನ್ ನಾರು ನೇಯಿಸುತ್ತದೆ. ಅಡಿಕೆಯಲ್ಲಿರುವ ತಾಮ್ರ ಆ ನಾರುಗಳನ್ನು ಬಿಗಿಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಮೊದಲು ಖಾರ ತಾಳುವುದಿಲ್ಲ, ಆಮೇಲೆ ಕೆನ್ನೆ ಬಿಳಿಚಿ ತೊಗಲಿನಂತಾಗುತ್ತದೆ, ಕೊನೆಗೆ ಹಲ್ಲುಗಳ ನಡುವೆ ಮೂರು ಬೆರಳು ನೆಟ್ಟಗೆ ಹೋಗುವುದಿಲ್ಲ. ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್. 1952ರಲ್ಲಿ ಇದನ್ನು ವರದಿ ಮಾಡಿದ್ದು ಕೀನ್ಯಾದಲ್ಲಿ ನೆಲೆಸಿದ್ದ ಭಾರತೀಯ ಹೆಂಗಸರಲ್ಲಿ.  ಇದಿನ್ನೂ ಕ್ಯಾನ್ಸರ್ ಅಲ್ಲ, ಆದರೆ ಕೆಲವರಲ್ಲಿ ಅದಕ್ಕೆ ತಿರುಗುತ್ತದೆ. ಚಟ ಬಿಟ್ಟರೂ ಬಿಗಿದ ನಾರು ಹಾಗೆಲ್ಲ ಸಡಿಲವಾಗುವುದಿಲ್ಲ.

ಕವಳದ ಸುಣ್ಣ ಬಾಯಿಯ ರಸವನ್ನು ಕ್ಷಾರವಾಗಿಸಿ ಡಿಎನ್‌ಎಗೆ ಪೆಟ್ಟು ಕೊಡುವ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತದೆ. ಹೊಗೆಸೊಪ್ಪು ಕ್ಯಾನ್ಸರ್‌ಕಾರಕ ನೈಟ್ರೋಸಮೀನ್‌ಗಳನ್ನು ತರುತ್ತದೆ. "ತಪ್ಪೆಲ್ಲ ಹೊಗೆಸೊಪ್ಪಿನದು, ಅಡಿಕೆ ಪಾಪದ್ದು" ಎನ್ನುವುದು ತೋಟದ ಸೀಮೆಯ ವಾದ. ದೇಶದಲ್ಲೇ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ಈ ವಾದ ಕೇಳಿಸದಿದ್ದರೇ ಆಶ್ಚರ್ಯ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದಿತು.

ಪಶ್ಚಿಮದ ದೇಶಗಳಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚಾಗಿ ನಾಲಿಗೆಯಲ್ಲಿ, ನಾಲಿಗೆಯ ಅಡಿಯಲ್ಲಿ ಕಾಣುತ್ತದೆ. ನಮ್ಮಲ್ಲಿ ಕೆನ್ನೆ-ವಸಡಿನ ಸಂದಿಯಲ್ಲಿ, ಕವಳವೋ ಗುಟ್ಕಾವೋ ಗಂಟೆಗಟ್ಟಲೆ ಕೂರುವ ಜಾಗದಲ್ಲೇ. ಮೊದಮೊದಲು ನೋಯದಿರುವುದೇ ಇದರ ಮೋಸ. ಬಿಳಿ ಮಚ್ಚೆಗಿಂತ ಕೆಂಪು ಮಚ್ಚೆಗೆ ಹೆಚ್ಚು ಹೆದರಬೇಕು. ಎರಡು ವಾರದಲ್ಲಿ ಹೊಸದಾಗುವ ಪೊರೆಯಲ್ಲಿ ಹುಣ್ಣು ಮೂರು ವಾರ ಉಳಿದರೆ ವೈದ್ಯರು ಚೂರು ತೆಗೆದು ಪರೀಕ್ಷೆಗೆ ಕಳಿಸುವುದು ಅದಕ್ಕೇ.

ಇಂಥ ಮಚ್ಚೆ, ಹುಣ್ಣು ಹುಡುಕಲು ದೊಡ್ಡ ಯಂತ್ರವೇನೂ ಬೇಡ. 1996ರಲ್ಲಿ ತಿರುವನಂತಪುರ ಜಿಲ್ಲೆಯಲ್ಲಿ ಶುರುವಾದ ಅಧ್ಯಯನದಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಹಿಡಿದು ಬಾಯಿ ನೋಡಿದರು. 2005ರ ವರದಿಯಂತೆ, ತಂಬಾಕು ಇಲ್ಲವೇ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಇಳಿದಿತ್ತು.